ದಾರಿಯಲ್ಲೇ ಸಿಕ್ಕ ಅಪ್ಪ

ಲೈಜರ್ ಕಾತ್ಸ್ ಪುರೋಹಿತ ವಂಶದವನು. ಆ ವಂಶದ ಗಂಡಸು ಯೆಹೂದಿ ಸ್ಮಶಾನಕ್ಕೆ ಕಾಲಿಡುವಂತಿಲ್ಲ. ನಡುವೆ ಗೋಡೆಯಿಲ್ಲದಿದ್ದರೆ ಸಮಾಧಿಯ ನಾಲ್ಕು ಮೊಳದೊಳಗೆ ಸುಳಿಯುವಂತೆಯೂ ಇಲ್ಲ. ಪಿತ್ರಾರ್ಜಿತವೆಂದು ಅವನಿಗೆ ಬಂದದ್ದು ಈ ಕಟ್ಟಳೆಯೊಂದೇ. ಹಾಗಾಗಿ ಊರಾಚೆಯ ಹಾಳು ಸ್ಮಶಾನದಲ್ಲಿ ಮುಳ್ಳು ಕಡಿಯುವ ಕೆಲಸ ಶುರುವಾದಾಗ ಅವನು ರಸ್ತೆಯ ಈಚೆ ಸ್ಟೂಲು ಹಾಕಿ ಕೂತ. ಹೆಣ್ಣುಮಕ್ಕಳಿಗೆ ಆ ನಿಷೇಧವಿಲ್ಲ. ಅಕ್ಕ ಪೆರ್ಲಾ ತೋಳು ಮಡಿಸಿ, ಕುಡುಗೋಲು ಹಿಡಿದು ಒಳಗೆ ಹೋದಳು.

"ಮುಳ್ಳು ಚುಚ್ಚಿಸಿಕೊಳ್ಳೋಕೆ ನಾನು, ಚಹಾ ಕುಡಿಯೋಕೆ ನೀನು. ಒಳ್ಳೇ ವಂಶ ಕಣೋ ನಮ್ದು."

"ಅಪ್ಪನ ಕಲ್ಲನ್ನ ರಬ್ಬಿಗಳ ಪಕ್ಕ ನೋಡಕ್ಕಾ. ಪುರೋಹಿತರನ್ನ ಮೂಲೇಲಿ ಹಾಕಿರ್ತಾರಾ?"

ಅಪ್ಪನನ್ನು ಈ ಸ್ಮಶಾನದಲ್ಲಿ ಹೂತಾಗ ಲೈಜರ್ ಕೈಗೂಸು. ಅದೇ ವರ್ಷ ಯುದ್ಧ ಬಂತು, ಸೈನಿಕರು ಊರಿನ ಯೆಹೂದಿಗಳನ್ನೆಲ್ಲ ಓಡಿಸಿದರು. ದೂರದ ಶಿಬಿರದಲ್ಲಿ ಜ್ವರದಿಂದ ಸಾಯುವಾಗ ಅಮ್ಮ ಪೆರ್ಲಾಳ ಕೈ ಹಿಡಿದು ಅಂದಿದ್ದಳು: "ಊರಿಗೆ ವಾಪಸ್ ಹೋಗಿ. ನಿಮ್ಮಪ್ಪ ದಾರೀಲೇ ಸಿಗ್ತಾರೆ." ಜ್ವರದ ಬಡಬಡಿಕೆ ಎಂದುಕೊಂಡರು ಮಕ್ಕಳು. ಊರಿಗೆ ಮರಳಿ ಮುದುಕನಾದ ಲೈಜರನ ಎದೆ ಈಗ ಆಗಾಗ ಹಿಡಿಯುತ್ತದೆ. ಸಾಯುವ ಮುಂಚೆ ಅಪ್ಪನ ಕಲ್ಲಿನೆದುರು ಒಂದು ಪ್ರಾರ್ಥನೆ ಹೇಳಬೇಕು, ಅಷ್ಟೇ ಅವನ ಆಸೆ.

ಧರ್ಮಗುರುಗಳಾದ ರಬ್ಬಿಗಳ ಸಾಲು ಪೂರ್ತಿ ಬಯಲಾಯಿತು. ಅಪ್ಪ ಸಿಗಲಿಲ್ಲ. ಲೈಜರನ ಮುಖ ಬಾಡಿತು. ಚಹಾ ಫ್ಲಾಸ್ಕಿನಲ್ಲೇ ಆರಿತು.

ಆಡು ಮೇಯಿಸುವ ವಾಸಿಲೆ ಕೂಲಿ ಕೇಳದೆ ಜೊತೆಗೂಡಿದ್ದ. ಅವನ ಆಡುಗಳು ವರ್ಷಾನುಗಟ್ಟಲೆ ಮೇದದ್ದು ಅಲ್ಲೇ ತಾನೆ. ರಸ್ತೆಬದಿ ಕುಸಿದುಬಿದ್ದ ಗೋಡೆಯ ಹಿಂದಿನ ಪೊದೆಯನ್ನು ಅವನು ಎಳೆದುಹಾಕಿದಾಗ ವಾಲಿದ ಕಲ್ಲೊಂದು ಕಂಡಿತು. ಅದರ ಮೇಲೆ ಬೆರಳು ಅಗಲಿಸಿದ ಎರಡು ಹಸ್ತ. ಪುರೋಹಿತರ ಗುರುತು. ಪೆರ್ಲಾ ಪಾಚಿ ಕೆರೆದು ಓದಿದಳು: ಮೆಂಡೆಲ್ ಕಾತ್ಸ್. ಅಪ್ಪನ ಹೆಸರು.

ಲೈಜರ್ ಹಣೆ ಚಚ್ಚಿಕೊಂಡ. ಪುರೋಹಿತರನ್ನು ಅಂಚಿನಲ್ಲೇ ಹೂಳುವುದು ಹಳೆಯ ಪದ್ಧತಿ, ಒಳಗೆ ಬರಲಾಗದ ಮಕ್ಕಳು ರಸ್ತೆಯಲ್ಲೇ ನಿಂತು ಮಾತಾಡಿಸಲಿ ಎಂದು. ದೊಡ್ಡಸ್ತಿಕೆಯ ಗುಂಗಿನಲ್ಲಿ ಅದನ್ನೇ ಮರೆತಿದ್ದ. ಪ್ರತಿ ವಾರ ಅವನು ಸಂತೆಗೆ ಹೋಗುವ ದಾರಿ ಅದು.

"ಮೊದಲು ಇಲ್ಲಿ ಗೋಡೆ ಏಳ್ಲಿ ವಾಸಿಲೆ," ಎಂದ.

"ಸಿಕ್ಕಿದ ತಕ್ಷಣ ಅಡ್ಡ ಗೋಡೆ ಹಾಕ್ತಾರಾ ಯಜಮಾನ್ರೇ?"

"ನಿಂಗೆ ಗೋಡೆ ಅಂದ್ರೆ ದೂರ. ನಂಗೆ ಗೋಡೆ ಇದ್ರೇನೇ ಹತ್ತಿರ."

ಗೋಡೆ ಸೊಂಟದೆತ್ತರ ಬಂದ ದಿನ ಲೈಜರ್ ಕೋಟು ಹಾಕಿಕೊಂಡು ರಸ್ತೆ ದಾಟಿದ. ಗೋಡೆಗೆ ಎದೆಯಾನಿಸಿ ಪ್ರಾರ್ಥನೆ ಹೇಳಿದ. ನಡುವೆ ಅಳು ಬಂತು. ಅತ್ತು ಮುಗಿಸಿ ಉಳಿದದ್ದನ್ನು ಹೇಳಿದ. ಆಮೇಲೆ, ಹೂವಿನ ಬದಲು ಸಮಾಧಿಯ ಮೇಲಿಡುವ ಬೆಣಚುಕಲ್ಲೊಂದನ್ನು ಜೇಬಿನಿಂದ ತೆಗೆದು ಒಳಗಿದ್ದ ಅಕ್ಕನ ಕೈಗಿತ್ತ.

"ಅಪ್ಪನ ಕಲ್ಲಿನ ಮೇಲೆ ಇಡಕ್ಕಾ."

ಪೆರ್ಲಾ ಇಟ್ಟಳು. "ಮತ್ತೇನಾದ್ರೂ ಹೇಳ್ಬೇಕೇನೋ?"

"ಅಪ್ಪಂಗಲ್ಲ, ಅಮ್ಮಂಗೆ," ಎಂದ ಲೈಜರ್. "ದಾರೀಲೇ ಸಿಕ್ಕಿದ್ರಮ್ಮಾ."