ನಾಲ್ಕನೇ ಹಾಸಿಗೆಯ ಗಂಟು

ರಕ್ತಕ್ಕೆ ಬಿಸಿನೀರು ತಾಗಿಸಬಾರದು. ತಾಗಿಸಿದರೆ ಕಲೆ ಬಟ್ಟೆಯನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಮೊದಲು ತಣ್ಣೀರು, ಆಮೇಲೆ ಸೋಪಿನ ನೀರು, ಆಮೇಲೆ ಬ್ಲೀಚು, ಕೊನೆಗೆ ಕುದಿನೀರು. ಆ ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನಾರು ವರ್ಷದಿಂದ ಬಟ್ಟೆ ಒಗೆಯುತ್ತಿದ್ದ ದೊಡ್ಡಕ್ಕ, ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಹೇಳಿಕೊಡುವ ಕೈಗಳನ್ನು ನೋಡಿಯೇ ಹೊಸಬರು ಅರ್ಧ ಹೆದರಿ ಹೋಗುತ್ತಿದ್ದರು. ಬೆರಳ ತುದಿಯ ಗೆರೆಗಳನ್ನು ಬ್ಲೀಚು ತಿಂದು ಹಾಕಿತ್ತು. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಅವಳ ಗುರುತೇ ಹಿಡಿಯುತ್ತಿರಲಿಲ್ಲ.

"ನಾನು ಇಲ್ಲಿ ಇಲ್ವೇ ಇಲ್ವಂತೆ ಕಣ್ರೇ, ಮೆಷಿನ್ನೇ ಹೇಳ್ತಿದೆ" ಎಂದು ಅವಳೇ ನಗುತ್ತಿದ್ದಳು.

ಮೇಲಿನ ಮಹಡಿಗಳಿಂದ ಬಟ್ಟೆ ಒಂದು ತಗಡಿನ ಕೊಳವೆಯಲ್ಲಿ ಜಾರಿ ಬಂದು ದೊಪ್ಪನೆ ಬೀಳುತ್ತಿತ್ತು. ಎರಡೇ ಬಣ್ಣ. ಆಪರೇಷನ್ ಥಿಯೇಟರಿನದು ಹಸಿರು, ಹೆರಿಗೆ ಕೋಣೆಯದು ಬಿಳಿ. ದೊಡ್ಡಕ್ಕ ಸೇರಿದ ಹೊಸದರಲ್ಲಿ ಬಿಳಿಯ ರಾಶಿ ಸೊಂಟದೆತ್ತರ ಇರುತ್ತಿತ್ತು, ಹಸಿರು ಮೊಣಕಾಲಿನೆತ್ತರ. ವರ್ಷ ವರ್ಷಕ್ಕೂ ಬಿಳಿ ಕರಗಿತು, ಹಸಿರು ಬೆಳೆಯಿತು, ಯಾರೋ ಮಾಟ ಮಾಡಿದ ಹಾಗೆ. ಈಗ ಬಿಳಿ ಬಟ್ಟೆಯ ತೊಟ್ಟಿಯ ತಳದಲ್ಲಿ ನೀರೂ ಇರಲಿಲ್ಲ. ಶನಿವಾರ ಬಂದರೆ ಹಸಿರು ಎರಡು ಪಟ್ಟು. ಭಾನುವಾರ ಕೊಳವೆ ಸುಮ್ಮನೆ.

"ಭಾನುವಾರ ಹುಟ್ಟೋಕೆ ಮಕ್ಕಳಿಗೂ ರಜ ಇರ್ಬೇಕು" ಎನ್ನುತ್ತಿದ್ದಳು ಕುಳ್ಳಿ. ತೊಟ್ಟಿಗೆ ಎತ್ತರ ಸಾಲದೆ ಎರಡು ಇಟ್ಟಿಗೆಯ ಮೇಲೆ ನಿಂತು ಒಗೆಯುವವಳು ಅವಳು.

ಒದ್ದೆ ಚಾದರ ಎಂದರೆ ಸಣ್ಣ ಭಾರವಲ್ಲ. ಹತ್ತು ಚಾದರ ಹಿಂಡಿ, ಬುಟ್ಟಿಗೆ ತುಂಬಿ, ಎತ್ತಿಕೊಂಡು ಮೆಟ್ಟಿಲೇರಿ ತಾರಸಿಗೆ ಒಯ್ಯಬೇಕು. ದೊಡ್ಡಕ್ಕನ ಮಗಳೂ ಅಲ್ಲೇ ಕೆಲಸಕ್ಕಿದ್ದಳು. ಒಂಬತ್ತು ತಿಂಗಳು ತುಂಬುವವರೆಗೂ ಹೊತ್ತಳು. ಬುಟ್ಟಿ ಸೊಂಟದ ಮೇಲೆ, ಹೊಟ್ಟೆ ಅದರ ಮುಂದೆ.

"ನಲವತ್ತೈದು ದಿನ ಜಾಗ ಇಟ್ಟಿರ್ತೀವಿ. ಆಮೇಲೆ ಬಂದು ಬುಟ್ಟಿ ಎತ್ತಿದ್ರೆ ನಿನ್ನದು. ಇಲ್ದಿದ್ರೆ ಬೇರೆಯವಳದು" ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದ.

ಹೊಟ್ಟೆ ಕುಯ್ಯಿಸಿಕೊಂಡವಳು ನಲವತ್ತೈದು ದಿನಕ್ಕೆ ಆ ಬುಟ್ಟಿ ಎತ್ತಿದರೆ ಏನಾಗುತ್ತದೆಂದು ಇಸ್ತ್ರಿಯವಳನ್ನು ನೋಡಿದವರಿಗೆ ಗೊತ್ತಿತ್ತು. ಹಾಗೆ ಎತ್ತಿ ಒಳಗಿನ ಹೊಲಿಗೆ ಬಿಟ್ಟುಕೊಂಡವಳು ಅವಳು. ಅಂದಿನಿಂದ ಎತ್ತುವ ಕೆಲಸ ಹೋಯಿತು, ಅರ್ಧ ಸಂಬಳಕ್ಕೆ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಹಾಕುತ್ತಿದ್ದಳು.

"ಅಮ್ಮ, ನನಗೆ ಕುಯ್ಸೋದು ಬೇಡ. ಹೆದರಿಕೆಗಲ್ಲ. ನನ್ನ ಕೈಲಾಗುತ್ತೆ ಅನ್ಸುತ್ತೆ, ಅದಕ್ಕೆ" ಎಂದಿದ್ದಳು ಮಗಳು.

"ನಮ್ಮ ಆಸ್ಪತ್ರೆ ಅಲ್ವೇನೇ. ಕೆಲಸದವರಿಗೆ ಹೆರಿಗೆ ಬಿಟ್ಟಿ ಬೇರೆ. ನಾನಿಲ್ವಾ ಇಲ್ಲಿ" ಎಂದಿದ್ದಳು ದೊಡ್ಡಕ್ಕ.

ಅವಳು ಇದ್ದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಮೇಲೆ ಯಾವಳಾದರೂ ಬಸುರಿ ಆಪರೇಷನ್ ಬೇಡವೆಂದು ಹಟ ಹಿಡಿದರೆ, ಹಿರಿಯ ನರ್ಸು ಕೊಳವೆಯ ಬಾಯಿಗೆ ಮುಖವಿಟ್ಟು ಕೂಗುತ್ತಿದ್ದಳು, "ದೊಡ್ಡಕ್ಕಾ, ಸ್ವಲ್ಪ ಮೇಲೆ ಬನ್ನಿ." ಬಿಳಿ ಕೋಟಿಗೆ ಬಗ್ಗದ ಹೆಂಗಸರು ಒದ್ದೆ ಬಟ್ಟೆಯ, ಒಡೆದ ಕೈಯ ಮುದುಕಿಯ ಮಾತಿಗೆ ಕರಗುತ್ತಿದ್ದರು. ಅವಳು ಮಂಚದ ತುದಿಗೆ ಕೂತು, ತಲೆ ಸವರಿ, ಕಲಿಸಿಕೊಟ್ಟ ಮಾತನ್ನು ಮೆತ್ತಗೆ ಹೇಳುತ್ತಿದ್ದಳು: "ಮಗು ಸುಸ್ತಾಗಿದೆ ಕಣಮ್ಮ. ಒಪ್ಕೋ ತಾಯಿ." ನಿಜವೆಂದೇ ನಂಬಿ ಹೇಳುತ್ತಿದ್ದಳು. ಒಂದು ಸಲ ನಿಜವೂ ಆಗಿತ್ತು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿ ನೀಲಿಗಟ್ಟಿದ್ದ ಮಗುವನ್ನು ಡಾಕ್ಟರಮ್ಮ ಹತ್ತು ನಿಮಿಷದಲ್ಲಿ ಹೊರಗೆ ತೆಗೆದು ಅಳಿಸಿದ್ದಳು. ಆ ದಿನ ದೊಡ್ಡಕ್ಕ ಅವಳಿಗೆ ಕೈ ಮುಗಿದಿದ್ದಳು. ಆ ಒಂದು ನಿಜದ ಬೆನ್ನಿಗೆ ಇನ್ನೆಷ್ಟು ಸುಳ್ಳು ಕಟ್ಟಿ ಕಳಿಸಿದ್ದಾರೆಂದು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಕೆಳಗೆ ಬಟ್ಟೆ ಕಾಯುತ್ತಿತ್ತು.

ಮಗಳಿಗೆ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ನೋವು ಬಂತು. ನಾಲ್ಕನೇ ಹಾಸಿಗೆ ಕೊಟ್ಟರು. ಅಳಿಯ ಸರಕು ಗಾಡಿ ಓಡಿಸುವವನು. ಕೌಂಟರಿನಲ್ಲಿ ಕೊಟ್ಟ ಕಾಗದಗಳಿಗೆಲ್ಲ ಸಹಿ ಹಾಕಿ ಲೋಡು ಇಳಿಸಲು ಹೋದ. ಡಾಕ್ಟರಮ್ಮ ಮುಟ್ಟಿ ನೋಡಿ, "ಎಲ್ಲಾ ಸರಿಯಾಗಿದೆ, ಕಾಯೋಣ" ಎಂದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಎಂದಿನಂತೆ ಥಿಯೇಟರಿನ ಚೀಟಿ ಕೆಳಗೆ ಬಂತು. ಯಾವ ಹಾಸಿಗೆಗೆ ಆಪರೇಷನ್ನೋ ಆ ನಂಬರು ಚೀಟಿಯಲ್ಲಿರುತ್ತದೆ. ಒಂದೊಂದು ನಂಬರಿಗೆ ಒಂದೊಂದು ಗಂಟು. ಹಸಿರು ಚಾದರ ನಾಲ್ಕು, ಗೌನು ಮೂರು, ಮಗುವನ್ನು ಒರೆಸುವ ಬಟ್ಟೆ ಎರಡು. ಮಡಿಸಿ, ಕಟ್ಟಿ, ಮೇಲೆ ನಂಬರು ಅಂಟಿಸಿ, ಹಬೆಯ ಪೆಟ್ಟಿಗೆಗೆ ಹಾಕಿ ಮೇಲೆ ಕಳಿಸಬೇಕು. ದೊಡ್ಡಕ್ಕನಿಗೆ ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತಿತ್ತು. ಎರಡು, ನಾಲ್ಕು, ಐದು, ಏಳು. ಸರಸರ ಕಟ್ಟಿದಳು. ಹದಿನಾರು ವರ್ಷದ ಕೈಗೆ ತಲೆಯ ಹಂಗಿಲ್ಲ. ಪೆಟ್ಟಿಗೆಯಿಂದ ಬಿಸಿ ಬಿಸಿ ಗಂಟುಗಳನ್ನು ತೆಗೆದು ತಳ್ಳುಗಾಡಿಗೆ ಜೋಡಿಸುವಾಗ ಕುಳ್ಳಿ ಇಟ್ಟಿಗೆಯಿಂದ ಇಳಿದು ಬಂದಳು.

"ದೊಡ್ಡಕ್ಕ, ನಾಲ್ಕು ನಿಮ್ಮ ಹುಡುಗಿಯ ಹಾಸಿಗೆ ಅಲ್ವಾ?"

ದೊಡ್ಡಕ್ಕ ಗಂಟು ನೋಡಿದಳು. ತಾನೇ ಬಿಗಿದ ಗಂಟು. ಸ್ವಂತ ಮಗಳ ಹೊಟ್ಟೆ ಕುಯ್ಯುವ ಬಟ್ಟೆಯನ್ನು ಅವಳೇ ಮಡಿಸಿದ್ದಳು, ಅಂಚಿಗೆ ಅಂಚು ಕೂಡಿಸಿ.

"ಏನೋ ತೊಂದರೆ ಆಗಿರ್ಬೇಕು. ಚೀಟಿ ಓದೇ" ಎಂದು ಇಸ್ತ್ರಿಯವಳ ಕೈಗೆ ಕೊಟ್ಟಳು. ಅವಳಿಗೆ ಓದಲು ಬರುತ್ತಿತ್ತು.

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಓದಿದಳು. "ಎರಡು, ಹತ್ತು ಗಂಟೆಗೆ. ನಾಲ್ಕು, ಹತ್ತೂಮುಕ್ಕಾಲಿಗೆ. ಮಗು ಸುಸ್ತು." ಆಮೇಲೆ ಚೀಟಿಯ ತುದಿ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. "ಇದು ಬರೆದಿರೋದು ನಿನ್ನೆ ಸಂಜೆ ಐದೂವರೆಗೆ."

"ನಿನ್ನೆ ಐದೂವರೆಗೆ ಮಗು ಚೆನ್ನಾಗಿತ್ತಲ್ಲೇ. ಕಾಯೋಣ ಅಂದಿದ್ರು."

"ಇವತ್ತು ಹತ್ತೂಮುಕ್ಕಾಲಿಗೆ ಸುಸ್ತಾಗುತ್ತೆ ಅಂತ ನಿನ್ನೇನೇ ಗೊತ್ತಾಗಿದೆ" ಎಂದಳು ಕುಳ್ಳಿ.

ಇಸ್ತ್ರಿಯವಳು ಚೀಟಿಯನ್ನು ಮಡಿಸುತ್ತ, ತಲೆ ಎತ್ತದೆ ಹೇಳಿದಳು: "ನನಗೂ ಇದೇ ಮಾತು ಹೇಳಿದ್ದೆ ನೀನು. ತಲೆ ಸವರಿ."

ದೊಡ್ಡಕ್ಕ ಚೀಟಿ ಕಿತ್ತುಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ಮಗಳು ಮಂಚದ ಸರಳು ಹಿಡಿದು ನಿಂತಿದ್ದಳು. ನೋವು ಬಂದಾಗ ಬಗ್ಗಿ, ಹೋದಾಗ ಉಸಿರು ಬಿಟ್ಟು ನಾಲ್ಕು ಹೆಜ್ಜೆ ಓಡಾಡುತ್ತಿದ್ದಳು. ಹೊಸ ನರ್ಸು, ಇನ್ನೂ ಎಳೆ ಮುಖದ ಹುಡುಗಿ, ಹೊಟ್ಟೆಗೆ ಯಂತ್ರ ಹಚ್ಚಿ ಮಗುವಿನ ಎದೆಬಡಿತ ಕೇಳುತ್ತಿದ್ದಳು.

"ಮಗು ಹೇಗಿದೆ ಸಿಸ್ಟರ್?" ಎಂದಳು ದೊಡ್ಡಕ್ಕ.

"ನೂರಾ ನಲವತ್ತು. ಕುದುರೆ ಹಾಗೆ ಓಡ್ತಿದೆ. ಗರ್ಭದ ಬಾಯಿ ಏಳು ಸೆಂಟಿಮೀಟರ್ ಬಿಟ್ಟಿದೆ, ಚೆನ್ನಾಗಿ ಮುಂದುವರೀತಿದೆ."

ಆಗಲೇ ಹಿರಿಯ ನರ್ಸು ಬಂದಳು. ದೊಡ್ಡಕ್ಕನನ್ನು ನೋಡಿ ನಿರಾಳವಾದಳು. "ಒಳ್ಳೇ ಸಮಯಕ್ಕೆ ಬಂದ್ರಿ. ನಿಮಗೆ ಹೇಳಿಕೊಡ್ಬೇಕಾ ನಾನು? ಮಗು ಸುಸ್ತಾಗಿದೆ, ಹುಡುಗಿಗೆ ಸ್ವಲ್ಪ ಸಮಾಧಾನ ಹೇಳಿ."

ಹೊಸ ನರ್ಸು ಹಚ್ಚಿದ್ದ ಯಂತ್ರ ಟಕಟಕ ಎಂದು ಓಡುತ್ತಲೇ ಇತ್ತು.

"ನಿನ್ನೆ ಐದೂವರೆಯಿಂದಲೇ ಸುಸ್ತಾ ಸಿಸ್ಟರ್?" ಎಂದು ದೊಡ್ಡಕ್ಕ ಚೀಟಿ ಹಿಡಿದಳು.

ಹಿರಿಯ ನರ್ಸಿನ ಮುಖ ಬಿಳುಪೇರಿತು. ಡಾಕ್ಟರಮ್ಮನನ್ನು ಕರೆದಳು. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಲೇ ಬಂದಳು, ಚೀಟಿ ನೋಡಿದಳು, ಸಿಟ್ಟಾಗಲೂ ಇಲ್ಲ. ದಣಿದವಳ ಹಾಗೆ ಮಾತಾಡಿದಳು.

"ನೋಡಿ, ನಾನೊಬ್ಬಳೇ ಡಾಕ್ಟರು. ಹನ್ನೊಂದು ಜನ ಬಸುರಿಯರು. ಸಂಜೆ ಆರಾದ ಮೇಲೆ ಅರಿವಳಿಕೆ ಕೊಡೋರು ಯಾರೂ ಸಿಗಲ್ಲ. ನಾಳೆ ಏನಾದ್ರೂ ಎಡವಟ್ಟಾದ್ರೆ ನನ್ನ ಕೊರಳಪಟ್ಟಿ ಹಿಡೀತೀರಾ. ಬೆಳಕಿದ್ದಾಗಲೇ ಮುಗಿಸೋದು ಎಲ್ಲರಿಗೂ ಒಳ್ಳೇದು."

"ಅದನ್ನೇ ಹೇಳ್ಬೇಕಿತ್ತು ಅಮ್ಮಾವ್ರೇ. ಜನ ಸಾಲ್ದು ಅಂತ. ಮಗು ಸುಸ್ತು ಅಂತ ಯಾಕೆ ಹೇಳ್ಸಿದ್ರಿ ನನ್ನ ಬಾಯಲ್ಲಿ?"

"ನಿಮಗೆ ಇದೆಲ್ಲ ಅರ್ಥ ಆಗಲ್ಲ. ಇವಳ ಗಂಡ ಸಹಿ ಹಾಕಿದಾನೆ."

"ಅವನ ಹೊಟ್ಟೆ ಕುಯ್ರಿ ಹಾಗಾದ್ರೆ" ಎಂದಳು ಮಗಳು, ಸರಳು ಬಿಡದೆ. ಪಕ್ಕದ ಹಾಸಿಗೆಯಲ್ಲಿ ಯಾರೋ ನೋವಿನ ನಡುವೆಯೇ ಕಿಸಕ್ಕೆಂದರು. "ನನ್ನ ಒಬ್ರೂ ಕೇಳಿಲ್ಲ. ನಿನ್ನೆಯಿಂದ ಇಲ್ಲೇ ಇದೀನಿ. ಬಾಯಿ ಇದೆ ನನಗೆ."

"ಮಗುಗೆ ಏನಾದ್ರೂ ಆದ್ರೆ?" ಎಂದಳು ಡಾಕ್ಟರಮ್ಮ.

ಅದೇ ಮಾತು ಎಷ್ಟು ಮನೆಗಳ ಬಾಯಿ ಕಟ್ಟಿಹಾಕಿತ್ತು. ದೊಡ್ಡಕ್ಕ ಹೊಸ ನರ್ಸಿನ ಕಡೆ ತಿರುಗಿದಳು. "ನೀನು ಹೇಳು ಮಗಳೇ. ಈಗ, ಈ ಗಳಿಗೆಗೆ, ಕುಯ್ಯಲೇಬೇಕಾ?"

ಹುಡುಗಿ ನೆಲ ನೋಡಿದಳು, ಯಂತ್ರ ನೋಡಿದಳು. "ಈ ಗಳಿಗೆಗೆ ಬೇಡ" ಎಂದಳು. "ಬೇಕಾದ್ರೆ ನಾನೇ ಕೂಗ್ತೀನಿ."

"ಕೂಗು. ಥಿಯೇಟರಿನಲ್ಲಿ ತುರ್ತಿನ ಗಂಟೊಂದು ಯಾವಾಗ್ಲೂ ಇರುತ್ತೆ, ಇಟ್ಟೋಳು ನಾನೇ. ಅದಕ್ಕೆ ಯಾರೂ ಅಡ್ಡ ಬರಲ್ಲ. ಆದ್ರೆ ಕೆಳಗಿರೋ ಈ ನಾಲ್ಕೂ ಗಂಟು ಆಯಾ ಹೆಂಗಸನ್ನ ಕೇಳ್ದೆ ಮೇಲೆ ಬರಲ್ಲ."

ಹಿರಿಯ ನರ್ಸು ಕೊಳವೆಗೆ ಮುಖವಿಟ್ಟು ಕೂಗಿದಳು, "ಕುಳ್ಳೀ, ಗಾಡಿ ಕಳಿಸೇ." ಕೆಳಗಿನಿಂದ ಕುಳ್ಳಿಯ ದನಿ ಗುಂಯ್ ಎಂದು ಬಂತು: "ಗಾಡಿಗೆ ಅಡ್ಡ ಇಸ್ತ್ರಿಯವಳು ಕೂತಿದಾಳೆ ಸಿಸ್ಟರ್. ಅವಳು ಭಾರ ಎತ್ತೋ ಹಾಗಿಲ್ಲ, ಅವಳನ್ನ ಎತ್ತೋರು ನಾನಂತೂ ಅಲ್ಲ."

ದೊಡ್ಡಕ್ಕ ಎರಡನೇ ಹಾಸಿಗೆಗೆ ಹೋದಳು. ಎಂದಿನಂತೆ ಮಂಚದ ತುದಿಗೆ ಕೂತಳು. ಈ ಸಲ ತಲೆ ಸವರಲಿಲ್ಲ. ಚೀಟಿಯಲ್ಲಿ ಹೀಗಿದೆ, ನಿನ್ನೆಯೇ ಬರೆದದ್ದು, ನಿನಗೇನು ಬೇಕು ಎಂದಳು. ಎರಡನೆಯವಳು ಹುಬ್ಬು ಗಂಟಿಕ್ಕಿದಳು. "ನನಗೆ ಆಪರೇಷನ್ನೇ ಬೇಕು. ಮೊದಲನೇದಕ್ಕೆ ಎರಡು ದಿನ ನರಳಿದೀನಿ. ನನಗೆ ಈ ನೋವು ಸಾಕು ಕಣಮ್ಮ, ಬೇಡ ಅಂತ ಹೇಳೋಕೆ ಬಂದ್ಯಾ?"

"ಇಲ್ಲ ತಾಯಿ. ಕೇಳೋಕೆ ಬಂದೆ." ದೊಡ್ಡಕ್ಕ ಕೊಳವೆಗೆ ಬಗ್ಗಿ ಕೂಗಿದಳು, "ಎರಡು ಕಳಿಸೇ."

ಏಳನೆಯವಳ ಮಗು ಅಡ್ಡ ಮಲಗಿತ್ತು. ಫೋಟೋ ತೆಗೆದು ತೋರಿಸಿದ್ದರು, ಅವಳಿಗೆ ಎಲ್ಲ ಗೊತ್ತಿತ್ತು. ಏಳೂ ಹೋಯಿತು.

ಐದನೆಯವಳು ಶಾಲೆಯಲ್ಲಿ ಪಾಠ ಹೇಳುವ ಹೆಂಗಸು. ಚೀಟಿಯನ್ನು ಕಸಿದು ತಾನೇ ಓದಿದಳು. ಮುಖ ಕೆಂಪೇರಿತು. "ನನಗೆ ನೋವೇ ಶುರುವಾಗಿಲ್ಲ. ಇನ್ನೂ ಎಂಟು ದಿನ ಇದೆ. ಸುಮ್ನೆ ನೋಡ್ಕೊಳೋಕೆ ಮಲಗಿ ಅಂದ್ರು." ದಡಬಡ ಮಂಚ ಇಳಿದು ಚಪ್ಪಲಿ ಹುಡುಕತೊಡಗಿದಳು.

ಹತ್ತೂಮುಕ್ಕಾಲಾಯಿತು. ನಾಲ್ಕನೇ ಹಾಸಿಗೆಯ ಮಗು ಸುಸ್ತಾಗಲಿಲ್ಲ.

ಹೆರಿಗೆ ಕೋಣೆ ಬೇಕಾದಾಗ ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ಔಷಧಿಯ ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು. ಹೆರುವ ಮಂಚದ ಮೇಲೆ ಮುರಿದ ಫ್ಯಾನು ಮಲಗಿತ್ತು. ಕುಳ್ಳಿ ಕೆಳಗಿನವರನ್ನೆಲ್ಲ ಕರೆತಂದಳು. ಆರು ಜನ ಅಗಸಗಿತ್ತಿಯರು ಕೈಯಿಂದ ಕೈಗೆ ದಾಟಿಸಿ ಅರ್ಧ ಗಂಟೆಯಲ್ಲಿ ಕೋಣೆ ಖಾಲಿ ಮಾಡಿ ತೊಳೆದರು. "ಫ್ಯಾನು ಹೆತ್ತಾಯ್ತು, ಈಗ ನಮ್ಮ ಹುಡುಗಿ ಸರದಿ" ಎಂದಳು ಕುಳ್ಳಿ.

ಡಾಕ್ಟರಮ್ಮ ಬೇರೆ ಎರಡು ಆಪರೇಷನ್ ಮುಗಿಸಿ ಬಂದಳು. ಕೈ ತೊಳೆದಳು. ಎಷ್ಟೋ ತಿಂಗಳಾದ ಮೇಲೆ ಬರಿಗೈಯಲ್ಲಿ ಕಾಯಬೇಕಾಗಿ ಬಂದವಳಿಗೆ ಮೊದಲು ಅಸಹನೆ ಇತ್ತು. ಕೊನೆಗೆ ಮಗುವಿನ ತಲೆ ಕಂಡಾಗ, "ಈಗ ತಡಿ, ಈಗ ಮುಕ್ಕು, ಹಾಗೇ ಕಣೆ ಜಾಣೆ" ಎಂದು ಅವಳ ಬಾಯಿಂದಲೇ ಬಂತು. ಮಧ್ಯಾಹ್ನ ಎರಡೂ ಹತ್ತಕ್ಕೆ ಹೆಣ್ಣು ಮಗು ಅತ್ತಿತು.

ಎರಡೂಕಾಲಿಗೆ ಮ್ಯಾನೇಜರ್ ಬಂದ. ಬಾಗಿಲಲ್ಲೇ ನಿಂತು ದೊಡ್ಡಕ್ಕನಿಗೆ ಒಂದು ಕಾಗದ ಚಾಚಿದ. ಶಾಯಿಯ ಡಬ್ಬಿಯನ್ನೂ ತಂದಿದ್ದ.

"ಇಲ್ಲಿ ಹೆಬ್ಬೆಟ್ಟು ಒತ್ತು. ತಾಯಿಗೂ ಮಗಳಿಗೂ ನಾಳೆಯಿಂದ ಕೆಲಸ ಇಲ್ಲ."

ದೊಡ್ಡಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡಳು. ಕೆಲಸ ಹೋಗುತ್ತದೆಂದು ಮೆಟ್ಟಿಲು ಹತ್ತುವಾಗಲೇ ಅವಳಿಗೆ ಗೊತ್ತಿತ್ತು. "ಏನು ಬರೆದಿದೆ?"

"ಏನಾದ್ರೂ ಇರ್ಲಿ. ಒತ್ತು ಅಂದ್ರೆ ಒತ್ಬೇಕು."

"ಓದಿ ಸ್ವಾಮಿ. ಜೋರಾಗಿ ಓದಿ."

ಮ್ಯಾನೇಜರ್ ಸುತ್ತ ನೋಡಿದ. ಬಾಗಿಲ ಆಚೆ ಅಗಸಗಿತ್ತಿಯರು, ಅವರ ಹಿಂದೆ ವಾರ್ಡಿನ ಬಸುರಿಯರು, ಬಾಣಂತಿಯರು, ಅವರ ಅಕ್ಕಂದಿರು, ಅತ್ತೆಯರು. ದಾರಿ ಬಿಡುವವರು ಯಾರೂ ಕಾಣಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

"ನಾನು, ಈ ಕೆಳಗೆ ಸಹಿ ಮಾಡಿದವಳು, ವೈದ್ಯರ ಸಲಹೆ ಮೀರಿ... ಮಗುವಿನ ಜೀವಕ್ಕೆ ಅಪಾಯವಿದ್ದರೂ..." ಅಲ್ಲಿಗೆ ನಿಂತ. ಮಗು ತಾಯಿಯ ಎದೆಯ ಮೇಲೆ ಮುಷ್ಟಿ ಕಟ್ಟಿ ಕಿರುಚುತ್ತಿತ್ತು.

"ಮುಂದೆ ಓದಿ" ಎಂದಳು ಐದನೇ ಹಾಸಿಗೆಯವಳು. ಮನೆಗೆ ಹೊರಟಿದ್ದವಳು ಚೀಲ ಹೆಗಲಲ್ಲೇ ಇಟ್ಟುಕೊಂಡು ಮುಂದೆ ಬಂದು ನಿಂತಿದ್ದಳು.

ಅವನು ಕಾಗದ ಮಡಿಸತೊಡಗಿದ.

"ಓದಿ" ಎಂದಳು ಇಸ್ತ್ರಿಯವಳು. ಅವಳ ಹಿಂದಿನಿಂದ ಇನ್ನೊಬ್ಬಳು. ಅವಳ ಹಿಂದಿನಿಂದ ಮತ್ತೊಬ್ಬಳು.