ನೀಲಿ ದಾರದ ಚೀಲ

ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಅದನ್ನು ನಾನು ಮುಚ್ಚಿಟ್ಟವಳೂ ಅಲ್ಲ. ನನ್ನ ನರ್ಸರಿಗೆ ಮಣ್ಣು ತರುವ ಪರಸಪ್ಪ ಖಾಲಿ ಚೀಲ ಒಯ್ಯುವ ಮುಂಚೆ ಪ್ರತಿ ಚೀಲದ ಅಂಚಿಗೂ ನೀಲಿ ದಾರದಿಂದ ಮೂರು ಹೊಲಿಗೆ ಹಾಕುತ್ತೇನೆ. ಇಲ್ಲವಾದರೆ ನನ್ನ ಗಟ್ಟಿ ಚೀಲ ತಾನಿಟ್ಟುಕೊಂಡು ಯಾರದೋ ಹರಕು ಚೀಲ ತಂದು ಕೊಡುವ ಪೈಕಿ ಅವನು.

ಕಿತ್ತೂರಿನ ಪಶ್ಚಿಮಕ್ಕೆ, ಕಾಡಿನ ಗುಡ್ಡದ ಬುಡದಲ್ಲಿ ನನ್ನ ಹೊಲ. ಮೆಣಸಿನಕಾಯಿ, ಬದನೆ ಸಸಿ ಬೆಳೆಸಿ ಮಾರುತ್ತೇನೆ. ದೊಡವಾಡ, ಮುರಗೋಡ, ಚಚಡಿಯಿಂದ ‘ಲಗಮವ್ವನ ಸಸಿನೇ ಬೇಕು’ ಎಂದು ಹುಡುಕಿಕೊಂಡು ಬರುತ್ತಾರೆ. ಪರಸಪ್ಪ ತರುವ ಮೆತ್ತನೆಯ ಕಪ್ಪು ಮಣ್ಣಿನಲ್ಲಿ ಬೇರು ಹಾಗೆ ಹಿಡಿಯುತ್ತದೆ.

ಗುಡ್ಡದ ಹಳ್ಳ ಮೊದಲು ಮೇಲಿನ ಹೊಲದ ನೆರೆಯವಳಾದ ಭಾಗೀರಥಕ್ಕನ ಹೊಲ ಹಾದು ಆಮೇಲೆ ನನ್ನ ಬಾವಿಯ ಬಗಲಿಗೆ ಬರುತ್ತದೆ. ಮುಂಚೆ ಸಂಕ್ರಾಂತಿ ದಾಟಿದರೂ ತಿಳಿಯಾಗಿ ಹರಿಯುತ್ತಿತ್ತು. ಎರಡು ವರ್ಷದಿಂದ ಮಳೆ ಬಿದ್ದರೆ ಸಾಕು, ಕೆಂಪಗೆ ಉಕ್ಕಿ ಬರುತ್ತದೆ; ದೀಪಾವಳಿಗೆಲ್ಲ ಒಣಗುತ್ತದೆ. ಬಾವಿ ಅರ್ಧ ರಾಡಿಯಿಂದ ತುಂಬಿತು. ಆ ನೀರು ಕುಡಿದ ಸಸಿ ಬುಡದಲ್ಲೇ ಕೊಳೆತವು. ಬಾವಿ ಹೋದರೆ ನನ್ನ ನರ್ಸರಿಯೂ ಹೋದಂತೆಯೇ.

ಇದು ಭಾಗೀರಥಕ್ಕನದೇ ಕೆಲಸ ಎಂದು ಖಾತ್ರಿಯಿತ್ತು ನನಗೆ. ಎರಡು ವರ್ಷದ ಹಿಂದಿನ ಯುಗಾದಿಗೆ ಜೆಸಿಬಿ ತರಿಸಿ ಹೊಲ ಮಟ್ಟ ಮಾಡಿಸಿದವಳು ಅವಳು. ಅಂದಿನಿಂದ ನನ್ನನ್ನು ಕಂಡರೆ ನಗು ಜಾಸ್ತಿ. ಮೇಲೆ ಮೊಸರು ಬೇರೆ ಕಳಿಸುತ್ತಾಳೆ! ಕಾರಣವಿಲ್ಲದೆ ಯಾರಾದರೂ ಮೊಸರು ಕಳಿಸುತ್ತಾರೆಯೇ?

ಒಂದು ದಿನ ವೀರಪ್ಪಜ್ಜನನ್ನೂ ಊರಿನ ಇನ್ನೂ ಮೂವರು ಹಿರಿಯರನ್ನೂ ಅವಳ ಅಂಗಳಕ್ಕೆ ಕರೆದೊಯ್ದೆ. ಸವದತ್ತಿ ಎಲ್ಲವ್ವನ ಅರಿಶಿಣ ಭಂಡಾರದ ಬಟ್ಟಲು ಅವಳ ಮುಂದಿಟ್ಟೆ.

“ಮುಟ್ಟಿ ಹೇಳು. ಹಳ್ಳಕ್ಕ ಮಣ್ಣ ದೂಡಿಲ್ಲಂತ ಆಣಿ ಮಾಡು.”

ಅವಳು ಮುಟ್ಟಿದಳು. “ದೂಡಿಲ್ಲ ತಂಗಿ. ಇಷ್ಟ ವರ್ಷ ಬಗಲಾಗ ಅದೀವಿ, ನನ್ನ ಮಾತ ನಂಬಾಕ ಆಗಲಿಲ್ಲೇನು ನಿನಗ?”

ಕಣ್ಣಲ್ಲಿ ನೀರು. ನಾಟಕ ಅಂದುಕೊಂಡೆ. ನಾನೂ ಬಟ್ಟಲಿಗೆ ಬೆರಳು ಅದ್ದಿ ಕೂಗಿದೆ, “ಈ ನೀರ ಕೆಡಿಸಿದವರ ಮನಿ ದೀಪಾ ಆರಲಿ!”

“ಅಷ್ಟ ದೊಡ್ಡ ಮಾತ ಯಾಕವಾ?” ಎಂದ ವೀರಪ್ಪಜ್ಜ.

ಆಣೆಯಾದರೂ ನನ್ನ ಸಂಶಯ ಹೋಗಲಿಲ್ಲ. ಮುಂದಿನ ಜೋರು ಮಳೆಗೆ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು, ಅವಳನ್ನು ಕೈಯಾರೆ ಹಿಡಿಯೋಣವೆಂದು ಹಳ್ಳದ ಗುಂಟ ಹತ್ತಿದೆ. ಅವಳ ಹೊಲದ ಒಡ್ಡು ಹುಲ್ಲು ಬೆಳೆದು ಗಟ್ಟಿಯಾಗಿ ನಿಂತಿತ್ತು. ಅದರ ಮೇಲ್ಗಡೆಯೇ ನೀರು ಕೆಂಪಗೆ ಬರುತ್ತಿತ್ತು. ಹಾಗಾದರೆ ಇದು ಇನ್ನಾವ ಕಳ್ಳನ ಕೆಲಸ? ಸಿಟ್ಟಿನಿಂದಲೇ ಕಾಡು ಹೊಕ್ಕೆ.

ಒಂದು ಕಡೆ ಕಾಲಿಟ್ಟರೆ ನೆಲ ಹಾಸಿಗೆಯಂತೆ ತಗ್ಗುತ್ತಿತ್ತು. ಎಲೆ ಕೊಳೆತು ಕಪ್ಪಾದ ಮಣ್ಣು ಅಷ್ಟೂ ಮಳೆಯನ್ನು ಕುಡಿದು, ಕೆಳಗಿನ ಕಲ್ಲಿನ ಸಂದಿಯಿಂದ ತಿಳಿನೀರು ಹನಿಹನಿಯಾಗಿ ಬಿಡುತ್ತಿತ್ತು. ಹತ್ತು ಮಾರು ಆಚೆ ಆ ಮಣ್ಣೇ ಇರಲಿಲ್ಲ. ಒಂದು ಹೊಲದಷ್ಟು ಜಾಗ ಕೆರೆದು ಬೋಳಾಗಿತ್ತು, ಮರದ ಬೇರುಗಳು ಮೇಲೆದ್ದಿದ್ದವು. ಬರೀ ಕೆಂಪು ಗರಸು, ಹರಳುಗಲ್ಲಿನ ಮಣ್ಣು. ಅಲ್ಲಿ ಬಿದ್ದ ಮಳೆ ಒಂದು ಗಳಿಗೆ ನಿಲ್ಲದೆ ಗರಸನ್ನು ಕೊಚ್ಚಿಕೊಂಡು ಹಳ್ಳಕ್ಕೆ ಧುಮುಕುತ್ತಿತ್ತು.

ಮರದ ಕೆಳಗೆ ಹನ್ನೊಂದು ತುಂಬಿದ ಚೀಲ. ಕಳ್ಳ ಸಿಕ್ಕಿಬಿದ್ದ ಎಂದು ಓಡಿ ಹೋಗಿ ನೋಡಿದೆ. ಒಂದೊಂದರ ಅಂಚಿಗೂ ನೀಲಿ ದಾರ, ಮೂರು ಹೊಲಿಗೆ.

ಸಲಿಕೆ ಹಿಡಿದು ಪರಸಪ್ಪ ಪೊದೆಯಿಂದ ಬಂದ. “ಅಕ್ಕಾರ, ಮಳ್ಯಾಗ ನೀವ್ಯಾಕ ಬರಾಕ ಹೋದ್ರಿ? ನಾಳೆ ಟಂಟಂ ಗಾಡ್ಯಾಗ ತರಾಂವಿದ್ನಲ್ಲಾ!”

“ಇಲ್ಲಿಂದ ತರತಿದ್ದೇನೋ?”

“ಮತ್ತೆಲ್ಲಿಂದ? ಕರೇ ಮಣ್ಣ ಬೇಕಂದ್ರಿ. ಎಲ್ಲಿದಂತ ಒಮ್ಮ್ಯಾರ ಕೇಳೀರೇನು?”

ನಾಲ್ಕು ವರ್ಷ ಚೀಲ ಕಾಯ್ದೆ. ಮಣ್ಣು ಎಲ್ಲಿಯದೆಂದು ಒಮ್ಮೆಯೂ ಕೇಳಲಿಲ್ಲ. ಹನ್ನೊಂದೂ ಚೀಲ ಅಲ್ಲೇ ಸುರುವಿಸಿ, ಕೈಯಿಂದ ಎಲೆ ಬಾಚಿ ಮುಚ್ಚಿದೆ. ಅದು ಯಾವ ಮೂಲೆಗೂ ಸಾಲಲಿಲ್ಲ. ಉಳಿದದ್ದು ಸಸಿಗಳ ಬೇರಿಗೆ ಹತ್ತಿ ಊರೂರಿಗೆ ಹೋಗಿಯಾಗಿತ್ತು, ನಾನೇ ನಗುನಗುತ್ತ ಕೊಟ್ಟಿದ್ದೆ.

ಮರುದಿನ ಅದೇ ಅಂಗಳ, ಅದೇ ನಾಲ್ಕು ಮಂದಿ, ಅದೇ ಭಂಡಾರದ ಬಟ್ಟಲು. ನಾಚಿಕೆಯಿಂದ ಸಾಯುವಂತಾಗಿತ್ತು.

“ನೀರ ಕೆಡಿಸಿದಾಕಿ ನಾನ. ನಾಲ್ಕ ವರ್ಷ ನನ್ನ ಸಸಿಗಂತ ಗುಡ್ಡದ ಮಣ್ಣ ಕೆರಸೇನಿ. ಖರೇನ ಗೊತ್ತಿರಲಿಲ್ಲ,” ಎಂದೆ.

ವೀರಪ್ಪಜ್ಜ ಕಣ್ಣು ಕಿರಿದು ಮಾಡಿದ. “ನಾಲ್ಕ ವರ್ಷ ಗೊತ್ತಿರಲಿಲ್ಲಂದ್ರ ಯಾರ ನಂಬಬೇಕವಾ?”

ಆ ನೋಟ ನನಗೆ ಗೊತ್ತಿತ್ತು. ನಾನೂ ಹಾಗೇ ನೋಡುತ್ತಿದ್ದೆ. ಕೈಯನ್ನು ಭಂಡಾರದ ಬಟ್ಟಲಿಗೆ ಚಾಚಿದೆ.

ಭಾಗೀರಥಕ್ಕ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

“ಆಣಿ ಬ್ಯಾಡ ತಂಗಿ. ನೀ ಹೇಳಿದಿ, ನಾ ನಂಬಿದೆ.”