ಬಾಗಿದ ಕೊಳವೆಯ ನೀರು

ಕೀನ್ಯಾದ ಕಿಸುಮುವಿನಲ್ಲಿದ್ದಾಗ ಮಗಳು ಸುಮನಾಗೆ ಮಲೇರಿಯಾ ತಲೆಗೇರಿ, ಬದುಕುವುದೇ ಅನುಮಾನವೆಂದು ಡಾಕ್ಟರು ಕೈಚೆಲ್ಲಿದ್ದರು. ಹುಡುಗಿ ಬದುಕಿದಳು. ಆದರೆ ಅಂದಿನಿಂದ ಸುಶೀಲೆಯ ಮನೆಯಲ್ಲಿ ನೀರು ಎಲ್ಲೂ ನಿಲ್ಲುವಂತಿರಲಿಲ್ಲ. ಬಕೆಟ್ಟುಗಳೆಲ್ಲ ಬೋರಲು. ಹೂಕುಂಡದ ಕೆಳಗಿನ ತಟ್ಟೆ ಬೆರಳಿಟ್ಟರೆ ಒಣಗಿರಬೇಕು. ನೈರೋಬಿಗೆ ಬಂದು ವರ್ಷಗಳಾದವು, ಇಲ್ಲಿನ ತಂಪಿಗೆ ಸೊಳ್ಳೆಯೇ ಅಪರೂಪ, ಆದರೂ ಆ ಕಟ್ಟಳೆ ಮಾತ್ರ ಸಡಿಲವಾಗಲಿಲ್ಲ.

ಕಿಲೆಲೆಶ್ವಾ ಬಡಾವಣೆಯ ಅವರ ಬಾಡಿಗೆ ಮನೆಯಲ್ಲಿ ಹಿಂದೆ ಕೆನಡಾದವರಿದ್ದರು. ಹಿಮದ ನಾಡಿನವರಾದರೂ ಜುಲೈ ತಿಂಗಳ ಮೋಡ ಮುಸುಕಿದ ಚಳಿ ಅವರಿಗೆ ಹಿಡಿಸದೆ, ತಮ್ಮ ಊರಿನಿಂದ ಗ್ಯಾಸ್ ಫರ್ನೇಸ್ ಒಂದನ್ನು ಹಡಗಿನಲ್ಲಿ ತರಿಸಿ, ಮಲಗುವ ಕೋಣೆಗಳ ನಡುವಿನ ಓಣಿಯ ಕಪಾಟಿನಲ್ಲಿ ನಿಲ್ಲಿಸಿದ್ದರು. ಸಿಲಿಂಡರಿನ ಗ್ಯಾಸು ಉರಿದು ಗಾಳಿ ಬಿಸಿಯಾಗಿ ಕೋಣೆಗಳಿಗೆ ಹೋಗುತ್ತಿತ್ತು. ಉರಿಯುವಾಗ ಅದರ ಹೊಟ್ಟೆಯಲ್ಲಿ ಹನಿಹನಿಯಾಗಿ ನೀರು ಕೂಡುತ್ತಿತ್ತು. ಆ ನೀರು ಗೋಡೆಯ ತೂತಿನ ಮೂಲಕ ತೋಟಕ್ಕೆ ಹರಿದು ಹೋಗುತ್ತಿತ್ತು. ಸುಮನಾ ಅದಕ್ಕೆ ‘ಕೆನಡಾ ಒಲೆ’ ಎಂದು ಹೆಸರಿಟ್ಟಿದ್ದಳು.

ಆ ವರ್ಷದ ಮಾರ್ಚಿನಲ್ಲಿ ಕಳ್ಳರು ಬಂದರು. ಸುಶೀಲಾ ಮಗಳನ್ನು ತಬ್ಬಿಕೊಂಡು ಓಣಿಯ ಬಾಯಿಗೆ ರಾತ್ರಿ ಬೀಗ ಹಾಕುವ ಕಬ್ಬಿಣದ ಗ್ರಿಲ್ಲಿನ ಒಳಗಡೆ ಕುಳಿತಿದ್ದಳು. ಪಾಂಗಾ ಕತ್ತಿ ಹಿಡಿದವನೊಬ್ಬ ಆ ಗ್ರಿಲ್ಲಿನ ಆಚೆ ನಿಂತು, ಅವಳನ್ನು ಸುಮ್ಮನೆ ನೋಡಿ, ಟೀವಿ ಎತ್ತಿಕೊಂಡು ಹೋದ. ಅವನ ಕತ್ತಿಗಿಂತ ಆ ನೋಟವೇ ಅವಳ ಮನಸ್ಸಿನಲ್ಲಿ ಉಳಿಯಿತು. ಮನೆಯ ಮಾಲೀಕ ಗೋಡೆಯ ತೂತುಗಳಿಗೆಲ್ಲ ಸಿಮೆಂಟು ಮೆತ್ತಿಸಿದ, ಒಲೆಯ ನೀರಿನ ತೂತನ್ನೂ ಬಿಡಲಿಲ್ಲ. ಸುಶೀಲಾ ಶಾಲೆಯ ಕೆಲಸ ಬಿಟ್ಟಳು. ಗ್ರಿಲ್ಲಿನ ಬೀಗದ ಕೈ ಗಂಡ ಸೂರ್ಯನಾರಾಯಣರ ದಿಂಬಿನಡಿ ಸೇರಿತು. ಹಗಲೆಲ್ಲ ಅವಳು ಕಿಟಕಿಯ ಸರಳುಗಳ ಹಿಂದಿನಿಂದ ಗೇಟು ಕಾಯುವ ಅಸ್ಕಾರಿ ಎಚ್ಚರವಾಗಿದ್ದಾನೋ ಇಲ್ಲವೋ ಎಂದು ನೋಡುತ್ತಿರುತ್ತಿದ್ದಳು.

ಜುಲೈ ಬಂತು. ಸೂರ್ಯನಾರಾಯಣರು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಕಲಿಸುವವರು. ಪ್ಲಂಬರನಿಗೆ ಹೇಳುವುದು ಅವರಿಗೆ ಅವಮಾನ. ಒಂದು ಶನಿವಾರ ಇಂಡಸ್ಟ್ರಿಯಲ್ ಏರಿಯಾದಿಂದ ಪ್ಲಾಸ್ಟಿಕ್ ಪೈಪು ತಂದು, ಕಪಾಟಿನ ಪಕ್ಕದ ಗೋಡೆಯಲ್ಲಿ ತೂತು ಕೊರೆದು, ಒಲೆಯ ನೀರನ್ನು ಅತ್ತಲಿನ ಬಚ್ಚಲ ಮೋರಿಗೆ ಬಿಡಲು ಹೊರಟರು. ಪುಸ್ತಕದಲ್ಲಿದ್ದಂತೆ, ಒಲೆಯಿಂದ ಇಳಿಯುವ ಪೈಪಿಗೆ ಯು ಆಕಾರದ ಬಾಗು ಕೂಡಿಸಿದರು. ಸುಶೀಲಾ ಟಾರ್ಚು ಹಿಡಿದು ನಿಂತಿದ್ದಳು.

“ರೀ, ಈ ಬಾಗಿನಲ್ಲಿ ನೀರು ನಿಲ್ಲತ್ತಾ?”

“ನಿಲ್ಲಲೇಬೇಕು. ಅದಕ್ಕೇ ಇಟ್ಟಿರೋದು. ಸಿಂಕಿನ ಕೆಳಗೂ ಹೀಗೇ ಇದೆಯಲ್ಲ.”

“ಸಿಂಕಿಗೆ ನಾನು ದಿನಾ ಕುದಿಯೋ ನೀರು ಹಾಕ್ತೀನಿ. ಇದು ಓಣಿಯಲ್ಲಿ, ಸುಮನಾ ಕೋಣೆ ಬಾಗಿಲಲ್ಲಿ. ಬೇಡ.”

ಅವರು ತಿಳಿಹೇಳಲು ನೋಡಿದರು. ಅವಳು ಕಿಸುಮುವಿನ ಆಸ್ಪತ್ರೆಯನ್ನು ನೆನಪಿಸಿದಳು. ಮತ್ತೆ ನೆನಪಿಸಿದಳು. ಕೊನೆಗೆ ಅವರು ಗರಗಸ ತೆಗೆದುಕೊಂಡು ಬಾಗನ್ನು ಕೊಯ್ದು ಹಾಕಿ, ನೇರ ತುಂಡು ಅಂಟಿಸಿದರು.

“ತಗೋ. ಇನ್ನು ನೀರು, ಸೊಳ್ಳೆ ಅಂತ ನನ್ನ ಪ್ರಾಣ ತಿನ್ನಬೇಡ.”

ಅವಳಿಗೆ ಸಮಾಧಾನವಾಯಿತು. ಒಲೆ ಹೊತ್ತಿತು, ಕೋಣೆಗಳು ಬೆಚ್ಚಗಾದವು. ಚಳಿಗೂ ಕಳ್ಳರಿಗೂ ಹೆದರಿ ಕಿಟಕಿಗಳನ್ನು ಯಾರೂ ತೆರೆಯಲಿಲ್ಲ.

ಮುಂದಿನ ವಾರದಿಂದ ಅವಳಿಗೆ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದರೆ ಹಣೆಗೆ ಪಟ್ಟಿ ಬಿಗಿದಂತೆ ಆಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಗಂಡನಿಗೂ ತಲೆ ಭಾರವಾಗುತ್ತಿತ್ತು. ಅವರು ಸೈನಸ್ಸು ಎಂದು ಮಾತ್ರೆ ನುಂಗಿ ಕಾರು ಹತ್ತುತ್ತಿದ್ದರು, ದಾರಿಯಲ್ಲೇ ವಾಸಿಯಾಗುತ್ತಿತ್ತು. ಅವಳು ಮಾತ್ರ ಒಳಗೇ ಉಳಿಯುತ್ತಿದ್ದಳು.

ಕನ್ನಡ ಸಂಘದವರಿಗೆಲ್ಲ ಪರಿಚಿತರಾದ ಡಾಕ್ಟರ್ ಅನಂತ್ ರಕ್ತದೊತ್ತಡ ನೋಡಿ, ಕಳ್ಳತನದ ಕತೆಯನ್ನು ಮತ್ತೊಮ್ಮೆ ಹೇಳಿಸಿ, ಇದು ನರಗಳ ದೌರ್ಬಲ್ಯ ಎಂದು ಮಾತ್ರೆ ಬರೆದುಕೊಟ್ಟರು. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿ ಡಿಸೆಂಬರಿನವರೆಗೆ ಇದ್ದು ಬರಲಿ, ಇಲ್ಲಿದ್ದಷ್ಟು ದಿನ ಹೆದರಿಕೆ ಬಿಡುವುದಿಲ್ಲ ಎಂದರು. ಸುಮನಾಗೆ ಶಾಲೆ ಇತ್ತು, ಆದ್ದರಿಂದ ಅವಳು ಅಪ್ಪನ ಜೊತೆ ಇರಬೇಕಾಯಿತು. ಟಿಕೆಟ್ ಬುಕ್ ಆಯಿತು. ಸುಶೀಲಾ ಬೇಡವೆಂದಳು, ಅತ್ತಳು. ಅತ್ತದ್ದೂ ನರದ ಲೆಕ್ಕಕ್ಕೇ ಸೇರಿತು.

ಈ ನಡುವೆ ಒಂದು ಭಾನುವಾರ ಸುಮನಾ ತಿಂಡಿಯ ತಟ್ಟೆ ಸರಿಸಿ, “ಅಮ್ಮ, ಮೈ ಹೆಡ್ ಈಸ್ ಹೆವಿ,” ಎಂದಳು. ಅಪ್ಪ ನಕ್ಕು, ಅಮ್ಮನ ಕಾಯಿಲೆ ಅಂಟಿತು ಎಂದರು. ಸುಶೀಲಾ ನಗಲಿಲ್ಲ. ತಾನು ಹೋದ ಮೇಲೆ ಈ ಹುಡುಗಿ ಈ ಓಣಿಯ ಕೋಣೆಯಲ್ಲೇ ಮಲಗುತ್ತಾಳೆ ಎನ್ನುವುದು ಮುಳ್ಳಿನಂತೆ ಚುಚ್ಚಿತು.

ಪಕ್ಕದ ಮನೆಯ ಫ್ಲಾವಿಯಾ ಮಂಗಳೂರಿನವರು, ಬಾಯಿ ಜೋರು. ಆ ಮನೆಗೆ ಹೋಗಿ ಕೂತರೆ ಸುಶೀಲೆಯ ತಲೆನೋವು ಕಾಫಿ ಮುಗಿಯುವಷ್ಟರಲ್ಲಿ ಇಳಿಯುತ್ತಿತ್ತು.

“ನನ್ನ ಮನೆಯಲ್ಲಿ ಎಂತ ಉಂಟು ಮಾರಾಯ್ತಿ, ಲೂರ್ದ್ ಮಾತೆಯ ತೀರ್ಥವಾ?” ಎಂದರು ಫ್ಲಾವಿಯಾ. “ಕಳ್ಳರು ನಮ್ಮಲ್ಲಿಗೂ ಬಂದಿದ್ದಾರೆ. ಹೆದರಿಕೆ ಆಗುವುದಿದ್ದರೆ ಇಲ್ಲಿಯೂ ಆಗಬೇಕಲ್ಲ?”

ತಮಾಷೆಗೆ ಆಡಿದ ಆ ಮಾತನ್ನು ಸುಶೀಲಾ ಮನೆಯವರೆಗೂ ಹೊತ್ತುಕೊಂಡು ಬಂದಳು. ಹೆದರಿಕೆ ಬೇಲಿ ದಾಟಿದರೆ ಇಳಿಯುವಂಥದ್ದಲ್ಲ. ಹಾಗಾದರೆ ಇಳಿಯುವುದು ಯಾವುದು?

ಮರುದಿನ ಗಂಡ, ಮಗಳು ಹೊರಟ ಮೇಲೆ ಅವಳು ಮನೆಯನ್ನು ಕೋಣೆ ಕೋಣೆಯಾಗಿ ನೋಡುತ್ತ ಬಂದಳು. ಓಣಿಯ ಬಚ್ಚಲಲ್ಲಿ ಅಂದು ಯಾರೂ ಸ್ನಾನ ಮಾಡಿರಲಿಲ್ಲ. ಆದರೂ ಕನ್ನಡಿಯ ಮೇಲೆ ಹಬೆ ಕೂತಿತ್ತು. ಒರೆಸಿದಳು. ನಿಂತು ನೋಡುತ್ತಿದ್ದಂತೆ ಮತ್ತೆ ಮಂಕಾಯಿತು. ಮೋರಿಯ ಮೇಲೆ ಚಾಚಿದ್ದ ಪೈಪಿನ ಬಾಯಿಗೆ ಅಂಗೈ ಹಿಡಿದಳು. ನೀರಿನ ಹನಿಯ ಜೊತೆ ಬೆಚ್ಚನೆಯ ಉಸಿರು ಕೈಗೆ ತಾಕಿತು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಒಲೆಯ ಹೊಗೆ ಚಿಮಣಿಗೆ ಹೋಗುವುದರ ಜೊತೆಗೆ ಇತ್ತಲೂ ಬರುತ್ತಿತ್ತು.

ಬಾಗಿನಲ್ಲಿ ನೀರು ನಿಲ್ಲಲೇಬೇಕು ಎಂದದ್ದು ಇದಕ್ಕೇ. ಆ ನೀರೇ ಹೊಗೆಯನ್ನು ತಡೆಯುವ ಬಾಗಿಲು. ಅದನ್ನು ಕೀಳಿಸಿದವಳು ತಾನು.

ಒಲೆ ಆರಿಸಿ, ಕಿಟಕಿಗಳನ್ನು ಮಾರ್ಚಿನಿಂದೀಚೆಗೆ ಮೊದಲ ಬಾರಿ ತೆರೆದಳು. ಗಾಳಿ ಒಳಗೆ ಬಂತು, ಹೆದರಿಕೆಯೂ ಬಂತು, ಎರಡನ್ನೂ ಸಹಿಸಿ ನಿಂತಳು. ಗರಾಜಿನಿಂದ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ತಂದು ಪೈಪಿನ ತುದಿಗೆ ತುರುಕಿ, ತಂತಿ ಸುತ್ತಿ, ಕೆಳಗೆ ಬಳುಕಿಸಿ ಮತ್ತೆ ಮೇಲಕ್ಕೆತ್ತಿ ಕಟ್ಟಿದಳು. ಅದರ ಬಾಗಿಗೆ ಚೊಂಬಿನಿಂದ ನೀರು ಹೊಯ್ದಳು. ಒಲೆ ಹೊತ್ತಿಸಿ ಕನ್ನಡಿ ಒರೆಸಿ ಕಾದಳು. ಕನ್ನಡಿ ಸ್ವಚ್ಛವಾಗಿಯೇ ಉಳಿಯಿತು.

ಆಮೇಲಿನ ಬೆಳಗುಗಳಲ್ಲಿ ಅವಳಿಗೆ ತಲೆ ನೋಯಲಿಲ್ಲ. ಸೂರ್ಯನಾರಾಯಣರು ಸಂತೋಷಪಟ್ಟರು. “ನೋಡಿದ್ಯಾ, ಟಿಕೆಟ್ ಬಂದ ಕೂಡಲೇ ಅರ್ಧ ವಾಸಿ. ಮೈಸೂರಿಗೆ ಹೋದ್ರೆ ಪೂರ್ತಿ.”

ಬಾಯಿ ಬಿಡದಿದ್ದರೆ ಹೋಗಬೇಕು. ಬಿಟ್ಟರೆ, ತನ್ನ ಹೆದರಿಕೆಯೇ ಮನೆಯವರನ್ನೆಲ್ಲ ವಿಷದ ಗಾಳಿಯಲ್ಲಿ ಮಲಗಿಸಿತು ಎಂದು ತಾನೇ ಒಪ್ಪಿಕೊಂಡಂತೆ. ನರದ ದೌರ್ಬಲ್ಯವೆಂದ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಪೆಟ್ಟಿಗೆ ತುಂಬುತ್ತ ತುಂಬುತ್ತ ಮಗಳ ಸ್ವೆಟರೊಂದು ತನ್ನ ಸೀರೆಗಳ ನಡುವೆ ಸಿಕ್ಕಿತು. ಅದನ್ನು ತೆಗೆದಿಟ್ಟು, ಗಂಡನನ್ನು ಬಚ್ಚಲಿಗೆ ಕರೆದಳು.

ನಳಿಕೆ ಕಳಚಿ, ಅವರ ಕೈ ಹಿಡಿದು ಪೈಪಿನ ಬಾಯಿಗೆ ಇಟ್ಟಳು. ಅವರು ಪಾಠ ಹೇಳುವವರು, ವಿವರಿಸಬೇಕಾಗಿರಲಿಲ್ಲ. ಮುಖ ಬಿಳಿಚಿಕೊಂಡಿತು.

“ನಾನೇ ತೆಗೆಸಿದ್ದು,” ಎಂದಳು. “ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಾ?”

ಅವರು ಕಳಚಿದ ನಳಿಕೆಯನ್ನು ಮತ್ತೆ ಪೈಪಿಗೆ ತುರುಕಿದರು. “ಗೊತ್ತಿರಬೇಕಾಗಿತ್ತು. ಸ್ವಲ್ಪ ಯೋಚನೆ ಮಾಡಿದ್ರೆ ಗೊತ್ತಾಗ್ತಿತ್ತು. ಆವತ್ತು ಯೋಚನೆ ಮಾಡಲಿಲ್ಲ ಸುಶೀ. ನೀನು ಸುಮ್ಮನಾದ್ರೆ ಸಾಕಾಗಿತ್ತು.”

ಒಲೆ ಆರಿಸಿ, ಗರಾಜಿನ ಮೂಲೆಯಲ್ಲಿ ಬಿದ್ದಿದ್ದ ಬಾಗಿದ ತುಂಡನ್ನು ಹುಡುಕಿ ತಂದು ಅವರೇ ಕೂಡಿಸಿದರು. ಟಿಕೆಟ್ ರದ್ದಾಯಿತು. ಡಾಕ್ಟರಿಗೆ ಫೋನು ಮಾಡಿ, ಈಗ ಪರವಾಗಿಲ್ಲ, ಮಾತ್ರೆ ಹಿಡಿಸಿದೆ ಎಂದಷ್ಟೇ ಹೇಳಿದರು. ಓಣಿಯಲ್ಲಿ ನಿಂತಿದ್ದ ಸುಶೀಲಾ ಅದನ್ನು ಕೇಳಿಸಿಕೊಂಡಳು. ಸಂಘದ ಹೆಂಗಸರು ಇನ್ನು ವರ್ಷವಿಡೀ ನರ ಹೇಗಿದೆ ಎಂದು ಕೇಳುತ್ತಾರೆ, ತಾನು ಪರವಾಗಿಲ್ಲ ಎನ್ನುತ್ತೇನೆ ಎಂಬುದೂ ಅವಳಿಗೆ ಆಗಲೇ ಗೊತ್ತಾಯಿತು.

ರಿಸೀವರ್ ಇಟ್ಟ ಗಂಡನ ಮುಂದೆ ಕೈ ಚಾಚಿದಳು. “ಗ್ರಿಲ್ಲಿನ ಬೀಗದ ಕೈ ಇನ್ನು ನನ್ನ ಹತ್ರ ಇರಲಿ.”

ಅವರು ದಿಂಬಿನಡಿಯಿಂದ ತಂದು ಕೊಟ್ಟರು.

ರಾತ್ರಿ ಊಟವಾದ ಮೇಲೆ ಎಲ್ಲರೂ ಓಣಿಯೊಳಗೆ ಬಂದರು. ಸುಶೀಲಾ ಗ್ರಿಲ್ಲು ಎಳೆದು ಬೀಗ ಹಾಕಿದಳು, ಜಗ್ಗಿ ನೋಡಿದಳು, ಇನ್ನೊಮ್ಮೆ ಜಗ್ಗಿದಳು. ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡು, ಕಪಾಟು ತೆರೆದು ಬಾಗಿದ ಕೊಳವೆಯ ಮೇಲೆ ಕಿವಿಯಿಟ್ಟಳು. ಒಂದು ಹನಿ ಬಿತ್ತು. ನಿಂತ ನೀರಿನ ಮೇಲೆ ಬಿದ್ದ ಸದ್ದು. ಮತ್ತೊಂದು ಬೀಳುವವರೆಗೆ ಅವಳು ಅಲ್ಲೇ ಬಗ್ಗಿ ನಿಂತಿದ್ದಳು.